ಜೊತೆಗೆ ಬರುವವರಲ್ಲಿ ಒಂದು ಬಿನ್ನಹ

ಮನೆಯ ಕಾಯಿಲೆಯವರನ್ನು ಮನೋವೈದ್ಯರ ಬಳಿಗೆ ಕರೆತರುವ ಅಪ್ಪ ಅಮ್ಮ, ಗಂಡ, ಅಣ್ಣ, ಅತ್ತಿಗೆಯರೇ, ಈ ಮಾತು ನಿಮ್ಮಲ್ಲಿ.

ಅಲ್ಲಿಗೆ ಬರುವ ಮೊದಲೇ ನೀವು ಸಾಕಷ್ಟು ಸುತ್ತಿರುತ್ತೀರಿ. ತಲೆನೋವಿಗೆ ಒಬ್ಬ ಡಾಕ್ಟರು, ಗ್ಯಾಸಿಗೆ ಇನ್ನೊಬ್ಬರು, ಎದೆ ಡವಡವ ಎಂದದ್ದಕ್ಕೆ ಇಸಿಜಿ, ಕೊನೆಗೆ ತಾಯತ. ನಮ್ಮಲ್ಲಿ ಖಿನ್ನತೆ, ಆತಂಕ ಬಹಳ ಸಲ ಮೈಯಲ್ಲೇ ಕಾಣಿಸಿಕೊಳ್ಳುತ್ತವೆ: ಸುಸ್ತು, ಮೈಕೈ ನೋವು, ಅಂಗಾಲು ಉರಿ, ನಿದ್ದೆಗೇಡು. ಹಾಗಾಗಿ ತಡವಾಯಿತೆಂದು ಯಾರೂ ನಿಮ್ಮನ್ನು ದೂರಲಾರರು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಗೆ ಬಂದೇ ಇರಲಿಲ್ಲ. ನೀವು ಬಂದಿದ್ದೀರಿ. ಆ ಕೋಣೆಯೊಳಗೆ ಏನು ಹೇಳುತ್ತೀರಿ ಎಂಬುದೇ ಈಗ ಮುಖ್ಯ.

ಖಿನ್ನತೆಯನ್ನು ತೋರಿಸುವ ಎಕ್ಸ್-ರೇ ಇಲ್ಲ, ಸ್ಕಿಜೋಫ್ರೇನಿಯಾವನ್ನು ಹಿಡಿದುಕೊಡುವ ರಕ್ತಪರೀಕ್ಷೆಯೂ ಇಲ್ಲ. ಥೈರಾಯ್ಡ್, ಬಿ12 ನೋಡುವುದು ಮೈಯ ಕಾಯಿಲೆಯೇ ಮನಸ್ಸಿನ ಕಾಯಿಲೆಯ ವೇಷದಲ್ಲಿ ಬಂದಿದೆಯೇ ಎಂದು ತಿಳಿಯಲು. ಉಳಿದದ್ದೆಲ್ಲ ಮಾತು ಮತ್ತು ನೋಟ. ರೋಗಿ ಹೇಳಿದ್ದನ್ನೂ ಜೊತೆಗೆ ಬಂದವರು ಹೇಳಿದ್ದನ್ನೂ ಎದುರುಬದುರು ಇಟ್ಟು ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ನೀವು ಅರ್ಧ ಮುಚ್ಚಿಟ್ಟರೆ ಅವರ ತೀರ್ಮಾನವೂ ಅರ್ಧವೇ.

ಮುಚ್ಚಿಡುವುದಾದರೂ ಏನನ್ನು? ಕುಡಿತ, ಅರ್ಧಕ್ಕೆ ಬಿಟ್ಟ ಹಳೇ ಮಾತ್ರೆ, ಚಿಕ್ಕಪ್ಪನೊಬ್ಬ ಬಾವಿಗೆ ಬಿದ್ದದ್ದು. ತಂಗಿಯ ಮದುವೆಗೆ ತೊಡಕಾದೀತೆಂಬ ಭಯ ಅರ್ಥವಾಗುವಂಥದೇ. ಆದರೆ ದಿನವೂ ವಿಪರೀತ ಕುಡಿಯುವವರಿಗೆ ಆಸ್ಪತ್ರೆ ಸೇರಿದೊಡನೆ ಕುಡಿತ ನಿಂತುಹೋದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಶುರುವಾಗಬಹುದು, ಜೀವಕ್ಕೇ ಅಪಾಯವಾಗಬಹುದು.

ಇನ್ನೊಂದು ಸಂಗತಿಯನ್ನು ಯಾರೂ ಬೇಕೆಂದು ಮುಚ್ಚಿಡುವುದಿಲ್ಲ; ಅದು ಕಾಯಿಲೆ ಎಂದೇ ಹೊಳೆದಿರುವುದಿಲ್ಲ. ಮಗ ಈಗ ಮಂಕಾಗಿ ಮೂಲೆ ಹಿಡಿದಿದ್ದಾನೆ ಎನ್ನಿ. ಎರಡು ವರ್ಷದ ಹಿಂದೆ ಇವನೇ ರಾತ್ರಿಗೆ ಎರಡು ಮೂರು ತಾಸು ಮಲಗಿಯೂ ದಣಿಯದೆ, ಎಡೆಬಿಡದೆ ಮಾತಾಡುತ್ತ, ಸಾಲ ತಂದು ಕಂಡವರಿಗೆಲ್ಲ ಹಂಚುತ್ತ ವಾರಗಟ್ಟಲೆ ಓಡಾಡಿದ್ದ. ಮನೆಯವರ ಲೆಕ್ಕದಲ್ಲಿ ಅದು ‘ಚುರುಕಾಗಿದ್ದ ಕಾಲ’. ವೈದ್ಯರು ಅದನ್ನು ಉನ್ಮಾದ ಎಂದಾರು. ಆಗ ಕಾಯಿಲೆ ಬರಿಯ ಖಿನ್ನತೆಯಲ್ಲ, ಬೈಪೋಲಾರ್. ಇದು ತಿಳಿಯದೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಮತ್ತೆ ಕೆರಳುತ್ತದೆ. ಮಂಕಾದ ದಿನಗಳ ಜೊತೆಗೆ ಅತಿ ಹುರುಪಿನ ದಿನಗಳನ್ನೂ ನೆನಪಿಸಿಕೊಂಡು ಹೇಳಿ.

ವೈದ್ಯರ ಕೆಲವು ಪ್ರಶ್ನೆಗಳು ಹುಡುಗಾಟದಂತೆ ಕಾಣುತ್ತವೆ. ಇವತ್ತು ಯಾವ ವಾರ? ನೂರರಿಂದ ಏಳೇಳು ಕಳೆಯುತ್ತ ಹೋಗಿ. ಈ ಗಾದೆಗೆ ಅರ್ಥವೇನು? ಗಮನ, ನೆನಪು, ಯೋಚನೆಯ ಸರಾಗವನ್ನು ಪರೀಕ್ಷಿಸುವುದು ಹೀಗೆಯೇ. ದಯವಿಟ್ಟು ಹಿಂದಿನಿಂದ ‘ಗುರುವಾರ ಕಣಪ್ಪಾ’ ಎಂದು ಹೇಳಿಕೊಡಬೇಡಿ. ತಪ್ಪು ಉತ್ತರವೂ ವೈದ್ಯರಿಗೆ ಬೇಕು. ಅಂದಹಾಗೆ, ವಯಸ್ಸಾದವರು ಒಂದೆರಡು ದಿನಗಳಲ್ಲೇ ದಿಢೀರನೆ ಹೊತ್ತುಗೊತ್ತು ತಿಳಿಯದೆ ಬಡಬಡಿಸತೊಡಗಿದರೆ ಅರಳುಮರಳು ಎಂದು ಸುಮ್ಮನಾಗಬೇಡಿ. ಮೂತ್ರದ ಸೋಂಕೋ ಸೋಡಿಯಂ ಇಳಿದದ್ದೋ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರೆ ಮುನಿಸು ಬೇಡ. ಗಂಡ, ಅತ್ತೆ ಎದುರಿಗೆ ಕೂತಿದ್ದರೆ ಬಾಣಂತಿ ಏನು ಹೇಳಿಯಾಳು? ತ್ರಿವೇಣಿಯವರ ‘ಶರಪಂಜರ’ವನ್ನು ಓದಿ, ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ನೋಡಿ, ಬಾಣಂತನದಲ್ಲಿ ಕಾಯಿಲೆ ಬಿದ್ದ ನಾಯಕಿ ಕಾವೇರಿಗಾಗಿ ಮರುಗಿದವರು ನಾವು. ಗುಣವಾಗಿ ಮನೆಗೆ ಮರಳಿದವಳನ್ನು ಮತ್ತೆ ಕಾಯಿಲೆಗೆ ದೂಡಿದ್ದು ಸುತ್ತಲಿನವರೇ. ಅಷ್ಟೆಲ್ಲ ಮರುಗಿದ ಮೇಲೂ ಬಾಣಂತಿಯ ಖಿನ್ನತೆಗೆ ಎಷ್ಟೋ ಮನೆಗಳಲ್ಲಿ ‘ಸೊಕ್ಕು’ ಎಂದೇ ಹೆಸರು.

‘ಸಾಯಬೇಕು ಅನ್ನಿಸುತ್ತಾ?’ ಎಂದು ವೈದ್ಯರು ನೇರವಾಗಿಯೇ ಕೇಳುತ್ತಾರೆ. ಇಲ್ಲದ್ದನ್ನು ಯಾಕೆ ತಲೆಗೆ ತುಂಬುತ್ತೀರಿ ಎಂದು ಅಡ್ಡ ಬಾಯಿ ಹಾಕಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಮಂದಿಗೆ ಹೇಳಿಕೊಂಡು ಹಗುರಾಗುತ್ತದೆ. ಹೌದು ಎಂಬ ಉತ್ತರ ಬಂದರೆ ನಿಮ್ಮ ಕೆಲಸ ಅವತ್ತೇ ಶುರು. ಹೊಲಕ್ಕೆಂದು ತಂದಿಟ್ಟ ಕೀಟನಾಶಕ, ಕಳೆನಾಶಕ ಮನೆಯಿಂದ ಆಚೆ ಹೋಗಲಿ, ಮಾತ್ರೆಗಳು ನಿಮ್ಮ ಕೈಯಲ್ಲಿರಲಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಹಿಂದೆ ಒಮ್ಮೆ ಪ್ರಯತ್ನಿಸಿದ್ದರೆ ಪೊಲೀಸ್ ಕೇಸಿಗೆ ಹೆದರಿ ಅದನ್ನು ಬಚ್ಚಿಡುವುದೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸುತ್ತದೆ, ಆರೈಕೆ ಕೊಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ.

ಖಿನ್ನತೆಯ ಮಾತ್ರೆಯ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವಾರಕ್ಕೇ ‘ಏನೂ ಉಪಯೋಗವಿಲ್ಲ’ ಎಂದು ನಿಲ್ಲಿಸಬೇಡಿ. ಚೆನ್ನಾದರು ಎಂದು ನೀವೇ ನಿಲ್ಲಿಸುವುದೂ ಬೇಡ, ವೈದ್ಯರನ್ನು ಕೇಳಿ.

ಬರುವಾಗ ಒಂದು ಹಾಳೆಯಲ್ಲಿ ಬರೆದು ತನ್ನಿ: ಯಾವಾಗಿನಿಂದ ಹೀಗೆ, ಮೊದಲು ಹೇಗಿದ್ದರು, ನಿದ್ದೆ, ಊಟ, ಸ್ನಾನ, ಕೆಲಸದಲ್ಲಿ ಏನು ಬದಲಾಗಿದೆ. ಹಳೇ ಚೀಟಿ, ಖಾಲಿಯಾದ ಮಾತ್ರೆ ಶೀಟುಗಳೂ ಜೊತೆಗಿರಲಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ; ತಾಲ್ಲೂಕು ಆಸ್ಪತ್ರೆಗೆ ಅವರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಯಿಲೆಯವರು ಬರಲು ಒಪ್ಪದಿದ್ದರೆ ಮೊದಲು ನೀವೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.