ಕಪ್ಪ, ಕಾಲಾಳು ಮತ್ತು ಶಿರಾ ಸೀಮೆ

ಸೈನ್ಯದ ಸೇವೆ ಮತ್ತು ವಾರ್ಷಿಕ ಕಪ್ಪದ ಕರಾರಿನ ಮೇಲೆ ಸೀಮೆಗಳನ್ನು ಆಳಿದ ಪಾಳೆಯಗಾರರನ್ನು ಚರಿತ್ರೆಯ ಪುಸ್ತಕಗಳು ಹೆಚ್ಚಾಗಿ ಪಕ್ಷ ಬದಲಿಸುವ ಚಂಚಲರೆಂದೇ ಕಂಡಿವೆ. ಬುಕ್ಕಾಪಟ್ಟಣದ ಕುರುಚಲು ಗುಡ್ಡಗಳಿಂದ ಮಧುಗಿರಿಯ ಏಕಶಿಲೆಯವರೆಗೆ, ಕೊರಟಗೆರೆ ಕಡೆಯ ಚನ್ನರಾಯನದುರ್ಗದಿಂದ ಪಾವಗಡದ ನಿಡಗಲ್ಲಿನವರೆಗೆ ಹಬ್ಬಿರುವ ಒಣಸೀಮೆಯ ಚರಿತ್ರೆಯನ್ನು ಗಮನಿಸಿದರೆ ಆ ತೀರ್ಪು ಅನ್ಯಾಯದ್ದೆಂದು ತೋರುತ್ತದೆ. ಕಪ್ಪ ತೆತ್ತರೂ ರಕ್ಷಣೆ ದೊರೆಯದ ಸಣ್ಣ ರಾಜ್ಯಕ್ಕೆ ಪಕ್ಷ ಬದಲಿಸುವ ಹಕ್ಕೊಂದೇ ವಿದೇಶಾಂಗ ನೀತಿಯಾಗಿ ಉಳಿದಿತ್ತು.

ದೊಡ್ಡವರ ಮಾತಿಗಿದ್ದ ಬೆಲೆಯನ್ನು ಈ ಸೀಮೆ ಬೇಗನೆ ಕಂಡುಕೊಂಡಿತು. ಬಿಜಾಪುರದ ಸೇನೆ ರಣದುಲ್ಲಾ ಖಾನನ ನೇತೃತ್ವದಲ್ಲಿ 1638ರ ಸುಮಾರಿಗೆ ದಕ್ಷಿಣಕ್ಕೆ ಇಳಿದಾಗ, ಶಿರಾದ ಪಾಳೆಯಗಾರ ಕಸ್ತೂರಿ ರಂಗನಾಯಕನನ್ನು ಆ ಸೇನೆಯ ಸರದಾರ ಅಫಜಲ ಖಾನ ಮಾತುಕತೆಗೆಂದು ಕರೆಸಿ ಕೊಂದನು. ಬಿಜಾಪುರ 1686ರಲ್ಲಿ ಔರಂಗಜೇಬನಿಗೆ ಸೋತ ಮೇಲೆ, ಮರುವರ್ಷವೇ ಶಿರಾ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಗೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದರ ನೇರ ಆಡಳಿತಕ್ಕೆ ಸೇರಿದ್ದರೆ, ಚಿತ್ರದುರ್ಗ, ಹರಪನಹಳ್ಳಿ, ಬಿದನೂರುಗಳ ಜೊತೆಗೆ ಮೈಸೂರನ್ನೂ ಮೊಗಲರು ಇದೇ ಸುಬಾಕ್ಕೆ ಕಪ್ಪ ಸಲ್ಲಿಸುವ ಸಂಸ್ಥಾನವೆಂದೇ ಎಣಿಸುತ್ತಿದ್ದರು.

ಕಪ್ಪ ಕೊಡುವವನ ಬಳಿ ಬಂದೂಕುಗಳಿದ್ದರೆ ಈ ಸಂಬಂಧ ಹೇಗೆ ತಿರುಗಬಹುದೆಂಬುದನ್ನು 1695ರ ದೊಡ್ಡೇರಿಯ ಯುದ್ಧ ತೋರಿಸಿತು. ಮೊಗಲ್ ಸರದಾರ ಕಾಸಿಂ ಖಾನನನ್ನು ಮರಾಠರ ಸಂತಾಜಿ ಘೋರ್ಪಡೆ ಅಡ್ಡಗಟ್ಟಿದಾಗ, ಚಿತ್ರದುರ್ಗದ ಭರಮಪ್ಪ ನಾಯಕ ಮರಾಠರ ಪಕ್ಷ ವಹಿಸಿ ತನ್ನ ಬಂದೂಕಿನ ಕಾಲಾಳುಗಳನ್ನು ಕಳುಹಿಸಿದನು. ದೊಡ್ಡೇರಿಯ ಕೋಟೆಯೊಳಗೆ ಸಿಕ್ಕಿಬಿದ್ದ ಕಾಸಿಂ ಖಾನ ಅಲ್ಲಿಯೇ ಸತ್ತನು. ಇದನ್ನು ದ್ರೋಹವೆನ್ನುವುದಕ್ಕಿಂತ, ಬಲವಂತದ ಕರಾರು ಮುರಿದುಬಿದ್ದ ಗಳಿಗೆಯೆನ್ನುವುದೇ ಸರಿ.

ಸಾಮ್ರಾಜ್ಯ ಸಡಿಲಗೊಂಡಂತೆ ಅಧಿಕಾರಪತ್ರಗಳೇ ಮಾರಾಟದ ಸರಕಾದವು. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗ್ ಮೂರು ಲಕ್ಷ ರೂಪಾಯಿ ಕಾಣಿಕೆ ಪಡೆದು ಮೈಸೂರಿನ ಹೈದರಾಲಿಗೆ ಶಿರಾದ ನವಾಬಗಿರಿಯ ಸನದು ನೀಡಿದನು. ಆಗ ಶಿರಾ ಇದ್ದದ್ದು ಮರಾಠರ ಕೈಯಲ್ಲಿ. ಹೀಗೆ ಕೊಂಡ ಹಕ್ಕನ್ನು ಹೈದರಾಲಿ ಯುದ್ಧದಿಂದ ನಿಜ ಮಾಡಿಕೊಂಡನಾದರೂ, 1767ರ ಮರಾಠರ ದಂಡಯಾತ್ರೆಯಲ್ಲಿ ಅವನ ಭಾವಮೈದುನ ಮೀರ್ ಅಲಿ ರಜಾ ಖಾನನೇ ಶಿರಾವನ್ನು ಪೇಶ್ವೆ ಮಾಧವರಾಯನಿಗೆ ಒಪ್ಪಿಸಿದನು. ಮಧುಗಿರಿಯೂ ಬಿದ್ದು, ಅಲ್ಲಿ ಸೆರೆಯಲ್ಲಿದ್ದ ಬಿದನೂರಿನ ರಾಣಿ ವೀರಮ್ಮಾಜಿಗೆ ಬಿಡುಗಡೆಯಾಯಿತು. ನವಾಬನ ಸ್ವಂತ ಬಂಧುವೇ ಹೀಗೆ ನಡೆದಿರುವಾಗ ಚಂಚಲತೆಯ ಆರೋಪವನ್ನು ಪಾಳೆಯಗಾರರೊಬ್ಬರ ಮೇಲೆಯೇ ಹೊರಿಸುವುದು ಯಾವ ನ್ಯಾಯ? 1774ರಲ್ಲಿ ಟಿಪ್ಪು ಶಿರಾವನ್ನು ಮರಳಿ ಗೆದ್ದನು.

ಈ ಪಾಳೆಯಗಾರರ ಸ್ಥಿತಿಯನ್ನು 1799ರಲ್ಲಿ ಟಿಪ್ಪು ಅಳಿದ ನಂತರದ ಮೈಸೂರಿನ ಜೊತೆ ಇಟ್ಟು ನೋಡಬೇಕು. ಆ ವರ್ಷದ ಸಹಾಯಕ ಸೈನ್ಯ ಒಪ್ಪಂದದಂತೆ, ರಾಜ್ಯದ ರಕ್ಷಣೆಯ ಹೊಣೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಪಡೆಗೆ ವಹಿಸಿ, ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ತೆರಬೇಕಾಯಿತು. ಕಂಪನಿಯ ಒಪ್ಪಿಗೆಯಿಲ್ಲದೆ ಅನ್ಯ ರಾಜ್ಯಗಳೊಡನೆ ವ್ಯವಹರಿಸುವಂತೆಯೂ ಇರಲಿಲ್ಲ. ಪಾಳೆಯಗಾರ ಕಪ್ಪ ಕೊಟ್ಟರೂ ಕಾಲಾಳುಗಳನ್ನು ತನ್ನಲ್ಲೇ ಉಳಿಸಿಕೊಂಡಿದ್ದನು, ಆದ್ದರಿಂದ ಚೌಕಾಸಿ ಮಾಡಬಲ್ಲವನಾಗಿದ್ದನು. ಹಣದ ಜೊತೆಗೆ ಆಯುಧದ ಅಧಿಕಾರವನ್ನೂ ಬಿಟ್ಟುಕೊಟ್ಟ ಮೈಸೂರಿಗೆ ಆ ಅವಕಾಶವಿರಲಿಲ್ಲ. ನಗರ ಸೀಮೆಯ ರೈತರ ದಂಗೆಯ ನಂತರ 1831ರಲ್ಲಿ ಕಂಪನಿ ಆಡಳಿತವನ್ನೇ ವಹಿಸಿಕೊಂಡಾಗ, ನೆರವಿಗೆ ಕರೆಯಲು ಮುಮ್ಮಡಿ ಕೃಷ್ಣರಾಜ ಒಡೆಯರ ಮುಂದೆ ಬೇರೊಂದು ಪಕ್ಷವೇ ಉಳಿದಿರಲಿಲ್ಲ.