ಮನೆವಾರ್ತೆ: ನಾಯಿಮರಿಗೆ ಗೂಡು

ಹಸುವನ್ನು ಕೊಳ್ಳುವುದಕ್ಕೆ ಮೊದಲು ಕೊಟ್ಟಿಗೆಯನ್ನು ಅಣಿಮಾಡುವುದು ನಮ್ಮ ಒಕ್ಕಲು ಮನೆತನಗಳ ಪದ್ಧತಿ. ಗೊಂತು, ಹಗ್ಗ, ಬಾನಿ, ಹುಲ್ಲು ಇವೆಲ್ಲ ಸಿದ್ಧವಾದ ಮೇಲೆಯೇ ಹಸುವು ಮನೆಯ ಬಾಗಿಲಿಗೆ ಬರುವುದು. ನಾಯಿಮರಿಯ ವಿಷಯದಲ್ಲಿ ಮಾತ್ರ ಈ ಕ್ರಮವು ತಲೆಕೆಳಗಾಗಿದೆ. ಮಕ್ಕಳು ಹಠ ಹಿಡಿಯುವರು. ತಂದೆಯು ಒಂದು ಸಂಜೆ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬರುವನು. ಅದು ಎಲ್ಲಿ ಮಲಗಬೇಕು, ಯಾವುದರಲ್ಲಿ ಉಣ್ಣಬೇಕು ಎಂಬ ಆಲೋಚನೆಯು ರಾತ್ರಿ ಅದು ಕುಂಯ್ಗುಟ್ಟಲಾರಂಭಿಸಿದ ಮೇಲೆ ಹುಟ್ಟುವುದು. ವಾರದೊಳಗೆ ಚಾಪೆ ಹೊಲಸಾಗಿ, ಚಪ್ಪಲಿ ಹರಿದು, ನೆರೆಯವರ ನಿದ್ರೆ ಕೆಟ್ಟು, ಮನೆಯವರ ಬೇಸರವೆಲ್ಲ ಆ ಮೂಕಪ್ರಾಣಿಯ ಮೇಲೆ ಬೀಳುವುದು. ಹೀಗೆ ಬೇಸರದಿಂದ ಬೀದಿಪಾಲಾದ ಮರಿಗಳನ್ನು ಕಾಣದ ಊರಿಲ್ಲ. ಆದುದರಿಂದ ಮರಿಯು ಬರುವ ಮುನ್ನವೇ ಗೃಹಸ್ಥರು ಒದಗಿಸಿಕೊಳ್ಳತಕ್ಕ ಸಾಮಗ್ರಿಗಳನ್ನು, ಮುಖ್ಯವಾಗಿ ಅದರ ಗೂಡನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಲಿಚ್ಛಿಸುತ್ತೇವೆ.

ಅಂಗಡಿಗಳಲ್ಲಿ ಇದಕ್ಕೆ ಕ್ರೇಟ್ ಎಂದು ಹೆಸರು. ಕಬ್ಬಿಣದ ತಂತಿಯಿಂದ ಹೆಣೆದು, ಬಾಗಿಲಿಟ್ಟು, ಅಡಿಯಲ್ಲಿ ಹೊರಗೆಳೆದು ತೊಳೆಯಬಹುದಾದ ತಟ್ಟೆಯನ್ನು ಕೂಡಿಸಿದ ಪೆಟ್ಟಿಗೆಯಿದು. ಇದನ್ನು ಕಂಡೊಡನೆ ಮನೆಯ ಹಿರಿಯರು, "ಪಾಪ, ಮರಿಯನ್ನು ಪಂಜರದಲ್ಲಿಡುವಿರಾ?" ಎಂದು ಮರುಗುವುದುಂಟು. ಅವರ ಮರುಕವು ಶ್ಲಾಘ್ಯವೇ. ಆದರೆ ವಿಚಾರಮಾಡತಕ್ಕ ಅಂಶವೊಂದಿದೆ. ಹೊರಗೆ ನಿಂತು ಬಾಗಿಲು ಮುಚ್ಚುವವನ ಅನುಕೂಲಕ್ಕಾಗಿ ಇರುವುದು ಪಂಜರ. ಒಳಗೆ ಮಲಗುವ ಪ್ರಾಣಿಯ ಅನುಕೂಲಕ್ಕಾಗಿ ಇರುವುದು ಗೂಡು. ಒಂದೇ ತಂತಿಯ ಪೆಟ್ಟಿಗೆಯು ಯಜಮಾನನ ನಡತೆಗನುಸಾರವಾಗಿ ಎರಡರಲ್ಲಿ ಯಾವುದಾದರೂ ಆದೀತು. ಮರಿಹಾಕುವ ನಾಯಿಯು ಬಣವೆಯ ಬುಡವನ್ನೋ, ಜಗಲಿಯ ಸಂದನ್ನೋ ಹುಡುಕಿಕೊಂಡು ಹೋಗುವುದನ್ನು ವಾಚಕರು ಕಂಡೇ ಇರುವರು. ಮೂರು ಕಡೆ ಮರೆಯಿದ್ದು ಒಂದು ಕಡೆ ಮಾತ್ರ ತೆರೆದಿರುವ ಸ್ಥಳದಲ್ಲಿ ಅದಕ್ಕೆ ನಿರ್ಭಯ. ತಾನು ಮಲಗುವ ಸ್ಥಳವನ್ನು ಸಾಧ್ಯವಾದಮಟ್ಟಿಗೆ ಹೊಲಸು ಮಾಡದಿರುವುದೂ ಅದರ ಸ್ವಭಾವ. ಈ ಎರಡು ಸ್ವಭಾವಗಳ ಮೇಲೆಯೇ ಗೂಡಿನ ಪ್ರಯೋಜನವೆಲ್ಲ ನಿಂತಿದೆ.

ಮೊದಲನೆಯದಾಗಿ ಅಳತೆ. ನಾಯಿಯು ಗೂಡಿನೊಳಗೆ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಬೆಳೆದ ನಾಯಿಯ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು ಸುಮಾರು 4 ಅಂಗುಲ ಕೂಡಿಸಿದರೆ ಉದ್ದವೂ, ನೆಲದಿಂದ ನೆತ್ತಿಯವರೆಗೆ ಅಳೆದು ಅಷ್ಟೇ ಕೂಡಿಸಿದರೆ ಎತ್ತರವೂ ದೊರೆಯುವುದು. ಅಂಗಡಿಯಲ್ಲಿ 24, 30, 36, 42, 48 ಅಂಗುಲ ಉದ್ದದ ಗೂಡುಗಳು ಸಿಕ್ಕುವುವು. ಚಿಕ್ಕ ಸ್ಪಿಟ್ಜ್ ನಾಯಿಗೆ 24 ಅಥವಾ 30, ನಮ್ಮ ಬೀದಿಯ ನಾಡನಾಯಿಗೆ 36, ಲ್ಯಾಬ್ರಡಾರಿಗೆ 42 ಅಂಗುಲದ್ದು ಸಾಮಾನ್ಯವಾಗಿ ಹೊಂದುವುದು. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ನಮ್ಮ ಮುಧೋಳದ ನಾಯಿಯು ಹೆಗಲಿನ ಬಳಿಯೇ ಸುಮಾರು 70 ಸೆಂಟಿಮೀಟರ್ ಎತ್ತರ ಬೆಳೆಯತಕ್ಕದ್ದಾದ್ದರಿಂದ ಅದಕ್ಕೆ 48 ಅಂಗುಲಕ್ಕೆ ಕಡಿಮೆಯಾದದ್ದು ಸಾಲದು. ಎತ್ತರವನ್ನೂ ಅಳೆದೇ ಕೊಳ್ಳಬೇಕು.

ಹೀಗೆಂದು ಎರಡು ತಿಂಗಳ ಮರಿಯನ್ನು ಅಷ್ಟು ದೊಡ್ಡ ಗೂಡಿನಲ್ಲಿ ಬಿಟ್ಟರೆ ಅದು ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಬಚ್ಚಲು ಮಾಡಿಕೊಳ್ಳುವುದು. ಶುಚಿಯ ಪಾಠವೇ ಕೆಡುವುದು. ನಡುವೆ ಸರಿಸಬಹುದಾದ ತಡೆಯಿರುವ ಗೂಡನ್ನು ಕೊಂಡರೆ ಮರಿಯು ಬೆಳೆದಂತೆ ತಡೆಯನ್ನು ಹಿಂದಕ್ಕೆ ಸರಿಸುತ್ತ ಹೋಗಬಹುದು. ಎರಡು ಬಾರಿ ಹಣ ತೆರುವುದೂ ತಪ್ಪುವುದು.

ಇನ್ನು ಗೂಡಿನ ದ್ರವ್ಯವನ್ನು ಕುರಿತು. ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ಬಾಯ್ದೆರೆದು ಏದುವುದರಿಂದಲೇ ಮುಖ್ಯವಾಗಿ ಸೆಕೆಯನ್ನು ಕಳೆದುಕೊಳ್ಳುವುದು. ಆದಕಾರಣ ರಾಯಚೂರು ಕಲಬುರಗಿಗಳಂಥ ಬಿಸಿಲ ಸೀಮೆಯಲ್ಲಿ ಗಾಳಿಯಾಡುವ ತಂತಿಯ ಗೂಡೇ ಲೇಸು. ಕರಾವಳಿ ಮಲೆನಾಡುಗಳಲ್ಲಿ ತುಕ್ಕು ಹಿಡಿಯದಂತೆ ಲೇಪವಿರುವುದನ್ನು ನೋಡಿ ಕೊಳ್ಳಬೇಕು. ಮರದ ಗೂಡು ನೋಟಕ್ಕೆ ಚೆಂದ, ಆದರೆ ಮೂತ್ರವನ್ನು ಹೀರಿ ದುರ್ವಾಸನೆ ಬಿಡುವುದು. ಬಟ್ಟೆಯ ಗೂಡನ್ನು ಮರಿಯು ಹಲ್ಲಿನಿಂದ ಸೀಳುವುದು. ಪ್ಲಾಸ್ಟಿಕಿನದು ಪ್ರಯಾಣಕ್ಕೆ ಅನುಕೂಲ, ಬೇಸಿಗೆಯಲ್ಲಿ ಸೆಕೆ. ಯಾವುದಾದರೂ ಸರಿ, ತಗಡಿನ ಮಾಡಿನ ಕೆಳಗಾಗಲಿ ಬಿಸಿಲು ಬೀಳುವ ಕಿಟಕಿಯ ಬಳಿಯಲ್ಲಾಗಲಿ ಇಡಕೂಡದು. ರಾತ್ರಿ ಮೂರು ಕಡೆ ಹತ್ತಿಯ ಬಟ್ಟೆಯನ್ನು ಇಳಿಬಿಟ್ಟು ಮುಂಭಾಗವನ್ನು ತೆರೆದಿಟ್ಟರೆ ಸಾಕು.

ಖರ್ಚು ಉಳಿಯಿತೆಂದು ಬೇರೆಯವರ ಮನೆಯ ಹಳೆಯ ಗೂಡನ್ನು ತರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಹಿಂದೆ ಇದ್ದ ಮರಿಯು ಹೇಗೆ ತೀರಿಕೊಂಡಿತೆಂದು ಮೊದಲು ವಿಚಾರಿಸಿರಿ. ವಾಂತಿ ಭೇದಿಗಳಿಂದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ಪಾರ್ವೊ ಎಂಬ ರೋಗದ ವಿಷಾಣುವು ನೆಲದಲ್ಲಿಯೂ ಪಾತ್ರೆ ಹಾಸಿಗೆಗಳಲ್ಲಿಯೂ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಸಾಬೂನಿಗೆ ಅದು ಸಾಯುವುದಿಲ್ಲ. ತಂತಿಯ ಗೂಡಾದರೆ ಮೊದಲು ಚೆನ್ನಾಗಿ ಉಜ್ಜಿ ತೊಳೆದು, ಮನೆಬಳಕೆಯ ಬ್ಲೀಚ್ ದ್ರಾವಣದ ಒಂದು ಭಾಗಕ್ಕೆ 30 ಭಾಗ ನೀರು ಬೆರೆಸಿ 10 ನಿಮಿಷ ತೋಯಿಸಿ, ಮತ್ತೆ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಮರದ್ದನ್ನೂ ಬಟ್ಟೆಯದನ್ನೂ ಮುಟ್ಟದಿರುವುದೇ ಕ್ಷೇಮ.

ಗೂಡು ಬಂದ ದಿನವೇ ಮರಿಯನ್ನು ಒಳಗೆ ನೂಕಿ ಚಿಲಕ ಹಾಕಿದರೆ ಅದು ಪಂಜರವೇ ಆಯಿತು. ಬಾಗಿಲನ್ನು ತೆರೆದೇ ಇಟ್ಟು ಒಳಗೆ ಊಟವಿಡಿರಿ. ಮರಿಯು ತಾನಾಗಿಯೇ ಹೋಗಲಿ. ಎರಡು ಮೂರು ದಿನಗಳ ಮೇಲೆ ಉಣ್ಣುವಷ್ಟು ಹೊತ್ತು ಬಾಗಿಲನ್ನು ಮುಚ್ಚಿ ತೆರೆಯಿರಿ. ಕ್ರಮೇಣ ಕಾಲವನ್ನು ಹೆಚ್ಚಿಸಿರಿ. ಎರಡು ತಿಂಗಳ ಮರಿಯು ಹಗಲಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರವನ್ನು ತಡೆಯಲಾರದು. ಅದಕ್ಕಿಂತ ಹೆಚ್ಚು ಹೊತ್ತು ಕೂಡಿಹಾಕಿ, ಆಮೇಲೆ ಹೊಲಸು ಮಾಡಿತೆಂದು ಗದರಿಸುವುದು ಅನ್ಯಾಯ. ತಾಯಿಯ ಮತ್ತು ಒಡಹುಟ್ಟಿದ ಮರಿಗಳ ಮೈಬಿಸಿಯಲ್ಲಿ ಮಲಗಿ ಅಭ್ಯಾಸವಾದ ಜೀವವದು. ಮೊದಲ ರಾತ್ರಿಗಳಲ್ಲಿ ಗೂಡನ್ನು ಮನೆಯವರು ಮಲಗುವ ಕೋಣೆಯಲ್ಲಿಯೇ ಇರಿಸಿಕೊಂಡರೆ ಅಳು ಬೇಗ ಅಡಗುವುದು. ತಪ್ಪಿಗೆ ಶಿಕ್ಷೆಯೆಂದು ಗೂಡಿನಲ್ಲಿ ಕೂಡಲೇಬಾರದು. ಮಲಗಿರುವ ಮರಿಯನ್ನು ಮಕ್ಕಳು ಎಳೆಯದಂತೆಯೂ ನೋಡಿಕೊಳ್ಳತಕ್ಕದ್ದು. ಇಷ್ಟು ನಂಬಿಕೆ ಹುಟ್ಟಿದ ಗೂಡಿಗೆ ದೀಪಾವಳಿಯ ಪಟಾಕಿಯ ರಾತ್ರಿ ನಾಯಿಯು ತಾನಾಗಿಯೇ ಓಡಿಹೋಗಿ ಅಡಗುವುದು.

ಉಳಿದ ಸಾಮಗ್ರಿಗಳು ಸ್ವಲ್ಪವೇ. ಊಟಕ್ಕೊಂದು, ನೀರಿಗೊಂದು, ತಳ ಭಾರವಾದ ಸ್ಟೀಲಿನ ಬಟ್ಟಲು ಬೇಕು. ಕೊರಳ ಬೆಲ್ಟಿನೊಳಗೆ ಎರಡು ಬೆರಳು ಸಲೀಸಾಗಿ ಸೇರಬೇಕು. ಮರಿಯು ಬೇಗ ಬೆಳೆಯುವುದಾದ್ದರಿಂದ ವಾರಕ್ಕೊಮ್ಮೆ ನೋಡಬೇಕು. ತಂತಿಗೆ ಸಿಕ್ಕಿ ಉಸಿರುಕಟ್ಟದಂತೆ ಗೂಡಿನೊಳಗೆ ಬಿಡುವಾಗ ಬಿಚ್ಚಿಡಬೇಕು. ಮುಧೋಳದ ನಾಯಿಯ ತಲೆಯು ಕೊರಳಿಗಿಂತ ಸಪೂರವಾಗಿದ್ದು ಸಾಧಾರಣ ಬೆಲ್ಟಿನಿಂದ ನುಸುಳಿಕೊಳ್ಳುವುದಾದ್ದರಿಂದ ಅದಕ್ಕೆ ಅಗಲವಾದ ಮಾರ್ಟಿಂಗೇಲ್ ಪಟ್ಟಿಯೇ ತಕ್ಕದ್ದು. ಮೈಯಲ್ಲಿ ಕೊಬ್ಬು ಕಡಿಮೆಯಾದುದರಿಂದ ಮೆತ್ತನೆಯ ಹಾಸೂ ಅವಶ್ಯವು. ಮಿಕ್ಕವಕ್ಕೆ ತೊಳೆದ ಹಳೆಯ ಕಂಬಳಿಯೋ ಹತ್ತಿಯ ಸೀರೆಯ ಮಡಿಕೆಯೋ ಧಾರಾಳವಾಯಿತು. ಭಾರವಾದ ಕಬ್ಬಿಣದ ಚೈನಿನ ಬದಲು ಐದಾರು ಅಡಿಯ ನೂಲಿನ ಹಗ್ಗ ಮೇಲು. ಮೂರು ನಾಲ್ಕು ತಿಂಗಳಲ್ಲಿ ಹಾಲುಹಲ್ಲು ಬೀಳತೊಡಗುವುದು. ಆಗ ಕಡಿಯಲು ಬಾಯಿಗಿಂತ ದೊಡ್ಡದಾದ ಗಟ್ಟಿ ರಬ್ಬರಿನ ಆಟಿಕೆಯನ್ನು ಕೊಡಿರಿ. ಹಳೆಯ ಚಪ್ಪಲಿಯನ್ನು ಕೊಟ್ಟರೆ ಹೊಸದಕ್ಕೂ ಹಳೆಯದಕ್ಕೂ ಇರುವ ಭೇದವನ್ನು ಅದಕ್ಕೆ ಕಲಿಸುವವರಾರು?

ಆಹಾರದಲ್ಲಿ ಹಾಲು ಅನ್ನವೊಂದೇ ಬೆಳೆಯುವ ಮರಿಗೆ ಸಾಲದು. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿಯನ್ನೂ ತರುವುದು. ಮರಿಗಳಿಗೆಂದೇ ಮಾಡಿದ ಆಹಾರವನ್ನೋ, ಪಶುವೈದ್ಯರು ಹೇಳಿದ ಪಥ್ಯವನ್ನೋ ಕೊಡತಕ್ಕದ್ದು. ಪಾಯಸದ ದ್ರಾಕ್ಷಿ, ಸಾರಿನ ಈರುಳ್ಳಿ ಬೆಳ್ಳುಳ್ಳಿ, ಮಕ್ಕಳ ಚಾಕೊಲೇಟು ಇವು ನಾಯಿಗೆ ವಿಷಪ್ರಾಯವೆಂಬುದನ್ನು ಗೃಹಿಣಿಯರು ಅವಶ್ಯವಾಗಿ ನೆನಪಿನಲ್ಲಿಡಬೇಕು.

ಅಂಗಡಿಯಲ್ಲಿ ಸಿಕ್ಕದ ಸಾಮಗ್ರಿಯೊಂದುಂಟು. ಅದು ಚುಚ್ಚುಮದ್ದಿನ ಪುಸ್ತಕ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಿಯಮವಿದೆ. ಆರರಿಂದ ಎಂಟು ವಾರಗಳೊಳಗೆ ಮೊದಲ ಮದ್ದು, ಮತ್ತೆ ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರ ತುಂಬುವವರೆಗೆ, ಮೂರು ತಿಂಗಳಿಗೆ ರೇಬೀಸ್ ಮದ್ದು, ಜೊತೆಗೆ ಜಂತಿನ ಔಷಧ, ಇವು ಮುಖ್ಯ. ಇವು ಮುಗಿಯುವವರೆಗೆ ಬೇರೆ ನಾಯಿಗಳು ತಿರುಗುವ ಕಡೆ ಮರಿಯನ್ನು ನೆಲಕ್ಕಿಳಿಸಬಾರದು. ಮರಿಯ ಹಲ್ಲು ಆಟದಲ್ಲಿಯೇ ಮಗುವಿಗೆ ತಾಕಿ ರಕ್ತ ಬಂದರೂ ಅಲಕ್ಷ್ಯ ಮಾಡದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರ ಬಳಿಗೆ ಹೋಗಬೇಕು. ರೇಬೀಸಿನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಮೊದಲೇ ಮದ್ದು ಪಡೆದವರಿಗೆ ಭಯವಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಒಂದು ಕಥೆಯುಂಟು. ಜನಮೇಜಯನ ಯಜ್ಞಶಾಲೆಗೆ ಬಂದ ಒಂದು ನಾಯಿಮರಿಯನ್ನು ರಾಜನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಅಲ್ಲಿಗೆ ಬಂದು, ನನ್ನ ಮಗನ ಅಪರಾಧವೇನೆಂದು ಕೇಳಿದಳು. ಅವರಲ್ಲಿ ಉತ್ತರವಿರಲಿಲ್ಲ, ಕಾಣದ ಭಯವು ನಿಮಗೆ ಬರಲೆಂದು ಶಪಿಸಿ ಆಕೆ ಹೋದಳು. ಮಲಗಲು ಸ್ಥಳವನ್ನು ಕೊಡದೆ ಚಾಪೆಯ ಮೇಲೆ ಮಲಗಿತೆಂದು, ಕಡಿಯಲು ವಸ್ತುವನ್ನು ಕೊಡದೆ ಚಪ್ಪಲಿಯನ್ನು ಕಡಿಯಿತೆಂದು, ಹೊರಗೆ ಕರೆದೊಯ್ಯದೆ ಒಳಗೆ ಹೊಲಸು ಮಾಡಿತೆಂದು ಮರಿಯನ್ನು ಹೊಡೆಯುವ ಮನೆಗಳಲ್ಲಿ ಸರಮೆಯ ಪ್ರಶ್ನೆಯು ಇಂದಿಗೂ ನಿಂತಿದೆ. ಗೂಡು, ಬಟ್ಟಲು, ಹಾಸು, ಮದ್ದು ಇವನ್ನು ಮೊದಲು ಸಿದ್ಧಪಡಿಸಿಕೊಂಡು, ದಿನಕ್ಕೆ ಎರಡು ಹೊತ್ತು ಅದರೊಡನೆ ತಿರುಗಾಡಲು ಮನೆಯಲ್ಲಿ ಯಾರಿಗೆ ಬಿಡುವಿದೆಯೆಂದು ಗೊತ್ತುಮಾಡಿಕೊಂಡು, ಆಮೇಲೆ ಮರಿಯನ್ನು ತರಬೇಕೆಂದು ನಮ್ಮ ವಾಚಕ ಗೃಹಸ್ಥರಲ್ಲಿ ಪ್ರಾರ್ಥಿಸುತ್ತೇವೆ. ಅಷ್ಟು ಬಿಡುವು ಯಾರಿಗೂ ಇಲ್ಲವೆಂದಾದರೆ, ಮಕ್ಕಳು ಎಷ್ಟು ಅತ್ತರೂ ಈ ವರ್ಷ ತರದಿರುವುದೇ ಧರ್ಮ.