ಚೀಲಕ್ಕೆ ಯಾವ ನಕ್ಷೆ?

ಈ ರಜೆಗೆ ಮಕ್ಕಳನ್ನು ಕರೆದುಕೊಂಡು ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ನಡೆಯುವ ಯೋಚನೆ ಇದೆಯೇ? ಮಿಲ್‌ಗೈಯಿಂದ ಫೋರ್ಟ್ ವಿಲಿಯಂವರೆಗೆ 154 ಕಿಲೋಮೀಟರ್. ಪೂರ್ತಿ ಬೇಡ, ಎರಡು ದಿನದಷ್ಟು ನಡೆದರೂ ಸಾಕು. ದಾರಿಯುದ್ದಕ್ಕೂ ಗುರುತಿನ ಕಂಬಗಳಿವೆ, ಕೈಯಲ್ಲಿ ಫೋನ್ ಇದೆ, ಇನ್ನು ನಕ್ಷೆ ಯಾಕೆ ಅಂತ ನಾವೂ ಅಂದುಕೊಂಡಿದ್ದೆವು.

ಡ್ರಿಮೆನ್‌ನಿಂದ ಹೊರಟು ಕಾನಿಕ್ ಹಿಲ್ ಹತ್ತುವಾಗ ಮಂಜು ಮುಸುಕಿತು. ಚಳಿಗೆ ಫೋನ್ ಆಫ್ ಆಯಿತು. ಹತ್ತು ವರ್ಷದ ಮಗಳು ನಡುಗುತ್ತಿದ್ದಳು. ಬಂದ ದಾರಿಯಲ್ಲೇ ವಾಪಸ್ ಹೋಗೋಣ ಎಂದು ನಾನು ತಿರುಗಿಯೂ ಆಗಿತ್ತು. ಅಷ್ಟರಲ್ಲಿ ಎದುರಿಗೆ ಬಂದ ಹಿರಿಯರೊಬ್ಬರು ನಕ್ಷೆ ಬಿಡಿಸಿ ತೋರಿಸಿದರು. ಮುಂದಿನ ಊರು ಬಾಲ್ಮಹಾಕ್ಕೆ ಇದ್ದದ್ದು ಸುಮಾರು ಎರಡೇ ಕಿಲೋಮೀಟರ್! ಹಿಂದಕ್ಕೆ ಹೋಗಿದ್ದರೆ ಮಗುವನ್ನು ಅದರ ಎಷ್ಟೋ ಪಟ್ಟು ನಡೆಸುತ್ತಿದ್ದೆ.

ಹಾಗಾಗಿ ನಕ್ಷೆ ಕೊಳ್ಳುವಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಮಗುವಿಗೆ ಆಗದಿದ್ದರೆ ಎಲ್ಲಿ ಇಳಿಯಬಹುದು ಎಂದು ಇದು ತೋರಿಸುತ್ತದೆಯೇ?

ಹಾರ್ವೆ ಕಂಪನಿಯ 1:40,000 ಪಟ್ಟಿ ನಕ್ಷೆಯಲ್ಲಿ ಇಡೀ ದಾರಿ ಒಂದೇ ಹಾಳೆಯಲ್ಲಿದೆ. ಹಗುರ, ಮಳೆಗೆ ಹಾಳಾಗದು. ಆದರೆ ದಾರಿಯ ಅಕ್ಕಪಕ್ಕ ಸ್ವಲ್ಪವೇ ಕಾಣುತ್ತದೆ. ಆರ್ಡ್‌ನೆನ್ಸ್ ಸರ್ವೆಯ ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ 1:50,000. ಸುತ್ತಲಿನ ಊರು, ರಸ್ತೆ ಚೆನ್ನಾಗಿ ತಿಳಿಯುತ್ತವೆ. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ 1:25,000, ಅಂದರೆ ನೆಲದ ಒಂದು ಕಿಲೋಮೀಟರ್ ಹಾಳೆಯಲ್ಲಿ ನಾಲ್ಕು ಸೆಂಟಿಮೀಟರ್. ಬೇಲಿ, ಗೋಡೆಗಳೂ ಕಾಣುತ್ತವೆ. ಆದರೆ ಇಡೀ ದಾರಿಗೆ ಹಲವು ಹಾಳೆ ಬೇಕು, ಖರ್ಚೂ ಭಾರವೂ ಹೆಚ್ಚು.

ನಮ್ಮ ಲೆಕ್ಕ ಹೀಗಿದೆ: ಪೂರ್ತಿ ನಡೆಯುವುದಾದರೆ ಪಟ್ಟಿ ನಕ್ಷೆಯ ಜೊತೆಗೆ ಲ್ಯಾಂಡ್‌ರೇಂಜರ್. ಒಂದೆರಡು ದಿನಕ್ಕಾದರೆ ಆ ಭಾಗದ ಎಕ್ಸ್‌ಪ್ಲೋರರ್ ಸಾಕು. ಫೋನಿಗೂ ನಕ್ಷೆ ಇಳಿಸಿಕೊಳ್ಳಿ, ಆದರೆ ಅದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ.

ಹೊರಡುವ ಮೊದಲು ಊಟದ ಮೇಜಿನ ಮೇಲೆ ನಕ್ಷೆ ಹರಡಿ. ನೀಲಿ ಚೌಕದ ಒಂದು ಬದಿ ಒಂದು ಕಿಲೋಮೀಟರ್. ಎಣಿಸುವ ಕೆಲಸ ಮಕ್ಕಳಿಗೇ ಬಿಡಿ. ಎತ್ತರದ ಗೆರೆಗಳನ್ನು ದೋಸೆಯ ಸುತ್ತುಗಳಿಗೆ ಹೋಲಿಸಿ ಹೇಳಿ: ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಸಲೀಸು.

ಈಗ ನಮ್ಮ ಮನೆಯಲ್ಲಿ ನಕ್ಷೆ ಇರುವುದು ಮಗಳ ಕೈಯಲ್ಲಿ. "ಅಪ್ಪಾ, ಇನ್ನು ಎರಡೇ ಚೌಕ" ಎಂದು ಅವಳು ಹೇಳಿದಾಗ ನನ್ನ ಕಾಲಿಗೂ ಬಲ ಬರುತ್ತದೆ.